ಬೆಕ್ಕು ಅಡಕೆ ಗೋಣಿಯನ್ನೇ ಏಕೆ ಪರಚುತ್ತದೆ?

ನೆಟ್ಟಣದ ನಮ್ಮ ಮನೆಯಲ್ಲಿ ಚಾಲಿ ಅಡಕೆಯ ಗೋಣಿಗಳನ್ನು ಚಾವಡಿಯ ಪಕ್ಕದ ಕೋಣೆಯಲ್ಲಿ ಪೇರಿಸಿಡುತ್ತೇವೆ. ಬೆಳಗ್ಗೆ ಅಮ್ಮ ಎದ್ದು ಅಡುಗೆಮನೆಯ ದೀಪ ಹಾಕಿದ ಕೂಡಲೇ ಆ ಕೋಣೆಯಿಂದ ಚರ್ರ್, ಚರ್ರ್ ಎಂಬ ಸದ್ದು ಶುರುವಾಗುತ್ತದೆ. ಬೆಕ್ಕು ಹಿಂಗಾಲಿನ ಮೇಲೆ ನಿಂತು, ಮುಂಗಾಲುಗಳನ್ನು ಎಟಕುವಷ್ಟು ಮೇಲಕ್ಕೆ ಚಾಚಿ, ಗೋಣಿಗೆ ಉಗುರು ಸಿಕ್ಕಿಸಿ, ಇಡೀ ಮೈಯ ಭಾರ ಹಾಕಿ ಕೆಳಕ್ಕೆ ಎಳೆಯುತ್ತದೆ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಗೋಣಿಯ ಆ ಜಾಗದಲ್ಲಿ ಸೆಣಬಿನ ಎಳೆಗಳು ಎದ್ದು ಗಡ್ಡದ ಹಾಗೆ ಜೋತುಬಿದ್ದಿವೆ. ಒಂದು ದಿನ ತೂತೇ ಬಿದ್ದು ಅಡಕೆ ನೆಲದ ತುಂಬ ಹರಡಿದಾಗ ಅಮ್ಮ ಕೇಳಿದರು: “ಇದಕ್ಕೆ ಪರಚಲಿಕ್ಕೆ ಬೇರೆ ಜಾಗ ಇಲ್ಲವಾ ಮಾರಾಯ?”

ಮೊದಲೆಲ್ಲ ಜಾಗ ಇತ್ತು. ತೋಟದ ತುಂಬ ಮರ, ಹಿತ್ತಿಲಲ್ಲಿ ನುಗ್ಗೆ. ನುಗ್ಗೆಯ ತೊಗಟೆ ಬೆಂಡಿನಂತೆ ಮೆತ್ತಗೆ, ಉಗುರು ಸಲೀಸಾಗಿ ಇಳಿಯುತ್ತದೆ. ಆದರೆ ನಮ್ಮದು ಕಾಡಂಚಿನ ಊರು. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಇರುವುದು ಇಲ್ಲೇ. ಸಕಲೇಶಪುರದತ್ತ ಹೊರಟ ಗಾಡಿ ಇಲ್ಲಿಂದ ಮುಂದೆ ಘಟ್ಟದ ಸುರಂಗಗಳನ್ನು ಹೊಕ್ಕು ಏರುತ್ತದೆ. ಆ ಕಾಡಿನಿಂದ ಚಿರತೆ ಇಳಿದು ಬಂದರೆ ಮೊದಲು ಕಾಣೆಯಾಗುವುದು ನಾಯಿ, ಬೆಕ್ಕು. ಹಿಂದಿನ ಬೆಕ್ಕು ಒಂದು ರಾತ್ರಿ ಹೊರಹೋದದ್ದು ಹಿಂತಿರುಗಲಿಲ್ಲ. ಅಂದಿನಿಂದ ಬೆಕ್ಕು ಮನೆಯೊಳಗೇ. ಒಳಗೆ ಕೂಡಿಹಾಕಿದ ಮೇಲೆ ಅದಕ್ಕೊಂದು ಮರ ಕೊಡುವುದು ನಮ್ಮ ಜವಾಬ್ದಾರಿಯಾಯಿತು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ತೂತಾದ ಗೋಣಿಯನ್ನು ಹೊಲಿಯುವಾಗ ಎಳೆಗಳ ನಡುವೆ ಒಂದು ಸಣ್ಣ ವಸ್ತು ಸಿಕ್ಕಿತು. ಕೊಕ್ಕೆಯಂತೆ ಬಾಗಿದ, ಒಳಗೆ ಟೊಳ್ಳಾದ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುವ ಚಿಪ್ಪು. ಬೆಕ್ಕಿನ ಉಗುರೇ ಕಿತ್ತುಬಂತೆಂದು ಗಾಬರಿಯಾಗಿ ಅದರ ಕಾಲು ಹಿಡಿದು ನೋಡಿದೆ. ಅಲ್ಲಿ ಉಗುರು ಇತ್ತು, ಮೊದಲಿಗಿಂತ ಹೊಳಪಾಗಿ, ಸೂಜಿಯಂತೆ ಮೊನಚಾಗಿ.

ನನ್ನ ಕೈಯಲ್ಲಿದ್ದದ್ದು ಉಗುರಿನ ಹಳೆಯ ಕವಚ. ಬೆಕ್ಕಿನ ಉಗುರು ನಮ್ಮದರಂತೆ ಒಂದೇ ಹಾಳೆಯಾಗಿ ಮುಂದಕ್ಕೆ ಬೆಳೆಯುವುದಿಲ್ಲ. ಒಂದರೊಳಗೊಂದು ಟೊಪ್ಪಿ ಇಟ್ಟ ಹಾಗೆ ಕೆರಟಿನ್ ಪದರಗಳಿರುತ್ತವೆ. ಹತ್ತುವಾಗ, ನೆಗೆಯುವಾಗ ಬೀಳುವ ಒತ್ತಡಕ್ಕೆ ಹೊರಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಒರಟು ವಸ್ತುವಿಗೆ ಉಗುರು ಸಿಕ್ಕಿಸಿ ಎಳೆದಾಗ ಆ ಸಡಿಲ ಟೊಪ್ಪಿ ಕಳಚಿಕೊಂಡು ಒಳಗಿನ ಹೊಸ ಮೊನೆ ಹೊರಬರುತ್ತದೆ. ಅಮೆರಿಕದ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಡೊಮಿನಿಕ್ ಹೋಂಬರ್ಗರ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ನೋಡಿ ವಿವರಿಸಿದರು. ಹಿಂಗಾಲಿನ ಟೊಪ್ಪಿಯನ್ನು ಬೆಕ್ಕು ಹಲ್ಲಿನಿಂದ ಕಚ್ಚಿ ತೆಗೆಯುತ್ತದೆ. ಪರಚುವ ಕೆಲಸ ಮುಂಗಾಲಿನದ್ದು. “ಬೆಕ್ಕು ಉಗುರು ಮಸೆಯುತ್ತದೆ” ಎಂದು ನಾವು ಹೇಳುತ್ತೇವಲ್ಲ, ಅಲ್ಲಿ ನಡೆಯುವುದು ಕತ್ತಿ ಮಸೆದ ಹಾಗಲ್ಲ, ಬಾಳೆದಿಂಡಿನ ಹೊರಪದರ ಸುಲಿದ ಹಾಗೆ.

ಇನ್ನೊಂದು ಸಂಗತಿ ಸ್ನಾಯುವಿನದ್ದು. ಸುಮ್ಮನಿರುವ ಬೆಕ್ಕಿನ ಉಗುರು ಒಳಗೇ ಇರುತ್ತದೆ. ಸ್ಥಿತಿಸ್ಥಾಪಕ ಕಟ್ಟುಗಳು ಅದನ್ನು ಹಿಂದಕ್ಕೆ ಹಿಡಿದಿರುತ್ತವೆ, ಅದಕ್ಕೆ ಬೆಕ್ಕು ಶ್ರಮಪಡಬೇಕಾಗಿಲ್ಲ. ಉಗುರನ್ನು ಹೊರಗೆ ಚಾಚಲು ಮಾತ್ರ ಮುಂಗಾಲಿನ ಸ್ನಾಯು ಬಿಗಿಯಬೇಕು. ಪರಚುವಾಗ ಆ ಸ್ನಾಯುವಿನ ಜತೆ ಭುಜ, ಬೆನ್ನು ಎಲ್ಲವೂ ಹಿಗ್ಗಿ ಬಿಗಿಯುತ್ತವೆ. ನಿದ್ದೆಯಿಂದ ಎದ್ದೊಡನೆ ಪರಚುವುದು ಇದಕ್ಕೇ.

ಮೂರನೆಯದು ನಮಗೆ ಕಾಣದ್ದು, ವಾಸನೆ. ಬೆಕ್ಕಿನ ಅಂಗಾಲಿನ ಬೆರಳುಗಳ ನಡುವೆ ಗ್ರಂಥಿಗಳಿವೆ. ಪರಚಿದ ಕಡೆ ಅವುಗಳ ಸ್ರಾವ ಅಂಟುತ್ತದೆ. ಗೀರು ಕಣ್ಣಿಗೆ, ಸ್ರಾವ ಮೂಗಿಗೆ. ಎರಡೂ ಸೇರಿ “ಇದು ನನ್ನ ಜಾಗ” ಎಂಬ ಗುರುತು. ಪಶ್ಚಿಮಘಟ್ಟದ ಹುಲಿ, ಚಿರತೆಗಳೂ ತಮ್ಮ ದಾರಿಯ ಮರಗಳನ್ನು ಹೀಗೆಯೇ ಗೀರುತ್ತವೆ. ನಮ್ಮ ಚಾವಡಿಯಲ್ಲಿ ನಡೆಯುವುದೂ ಅದೇ ಕೆಲಸ, ಅಳತೆ ಮಾತ್ರ ಸಣ್ಣದು. ಹಾಗಾಗಿ ಪರಚುವುದನ್ನು ನಿಲ್ಲಿಸಬೇಕು ಎಂದು ಹೊರಡುವುದೇ ತಪ್ಪು. ಎಲ್ಲಿ, ಯಾವುದರ ಮೇಲೆ ಎಂಬುದನ್ನಷ್ಟೇ ನಾವು ಬದಲಿಸಬಹುದು. ಕೆಲವು ದೇಶಗಳಲ್ಲಿ ಪೀಠೋಪಕರಣ ಉಳಿಸಲು ಬೆಕ್ಕಿನ ಉಗುರನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಸುವ ಪದ್ಧತಿ ಇದೆ. ಅದರಲ್ಲಿ ಕತ್ತರಿಸಿಹೋಗುವುದು ಬರೇ ಉಗುರಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆ. ನ್ಯೂಯಾರ್ಕ್ ರಾಜ್ಯ ಅದನ್ನು ನಿಷೇಧಿಸಿದ್ದು 2019ರಲ್ಲಿ. ಓದಿದಾಗ ಹೊಟ್ಟೆ ತೊಳಸಿದಂತಾಯಿತು.

ಈಗ ಗೋಣಿಯ ವಿಷಯಕ್ಕೆ ಬರುತ್ತೇನೆ. ಬೆಕ್ಕು ಸಾಕುವವರನ್ನು ಕೇಳಿ ನಡೆಸಿದ ಒಂದು ದೊಡ್ಡ ಸಮೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಉತ್ತರಿಸಿದವರು 4000ಕ್ಕೂ ಹೆಚ್ಚು ಮಂದಿ. ಹಗ್ಗ ಸುತ್ತಿದ ಕಂಬ ಸಿಕ್ಕಲ್ಲಿ ಬೆಕ್ಕುಗಳು ಕಾರ್ಪೆಟ್ ಹೊದಿಸಿದ್ದಕ್ಕಿಂತ ಅದನ್ನೇ ಹೆಚ್ಚು ಬಳಸಿದ್ದವು. ನೆಟ್ಟಗೆ ನಿಂತ, ಕನಿಷ್ಠ 3 ಅಡಿ, ಅಂದರೆ ಸುಮಾರು 90 ಸೆಂ.ಮೀ. ಎತ್ತರದ ಕಂಬ ಇದ್ದಲ್ಲಿ ಬಳಕೆ ಜಾಸ್ತಿ. ಗದರಿಸಿದ್ದರಿಂದ ಪ್ರಯೋಜನ ಕಾಣಲಿಲ್ಲ. ಕಂಬ ಪರಚಿದಾಗ ಮುದ್ದು ಮಾಡಿ ತಿಂಡಿ ಕೊಟ್ಟವರಿಗೆ ಪ್ರಯೋಜನವಾಯಿತು. ಇದನ್ನು ಓದಿ ಅಡಕೆ ಕೋಣೆಗೆ ಹೋಗಿ ನೋಡಿದೆ. ಒಂದರ ಮೇಲೊಂದು ಪೇರಿಸಿದ ಗೋಣಿ ಬೆಕ್ಕು ಚಾಚುವುದಕ್ಕಿಂತ ಎತ್ತರ. ಇಬ್ಬರು ಹಿಡಿದೆತ್ತಬೇಕಾದ ಭಾರ, ಎಷ್ಟು ಎಳೆದರೂ ಅಲುಗುವುದಿಲ್ಲ. ಸೆಣಬಿನ ನೇಯ್ಗೆ ಉಗುರಿಗೆ ಹಿಡಿತ ಕೊಡುತ್ತದೆ, ಎಳೆದಾಗ ಹರಿಯುತ್ತದೆ, ಹರಿದದ್ದು ಗುರುತಾಗಿ ಉಳಿಯುತ್ತದೆ. ಇರುವ ಜಾಗವೋ, ಬೆಕ್ಕು ಮಲಗುವ ಮೂಲೆಯಿಂದ ನಾಲ್ಕು ಹೆಜ್ಜೆ, ಎಲ್ಲರೂ ಓಡಾಡುವ ದಾರಿಯಲ್ಲಿ. ಬೆಕ್ಕು ಆರಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ತಂಗಿ ಆನ್‌ಲೈನಿನಲ್ಲಿ ಒಂದು ಕಂಬ ತರಿಸಿದ್ದಳು. ಮೊಣಕಾಲೆತ್ತರ, ಅಗಲ ಸಾಲದ ಹಗುರ ಹಲಗೆಯ ಬುಡ. ಮೊದಲ ಎಳೆತಕ್ಕೇ ಅದು ಬೆಕ್ಕಿನ ಮೇಲೆ ಕವುಚಿ ಬಿತ್ತು. ಮತ್ತೆ ಬೆಕ್ಕು ಅದರ ಹತ್ತಿರ ಸುಳಿಯಲಿಲ್ಲ. ಸೋಫಾದ ಬದಿಗೇ ಹೋಯಿತು. ಅಂಗಡಿಯಲ್ಲಿ ಕೊಳ್ಳುವವರು ಬಣ್ಣ ಮತ್ತು ನೇತಾಡುವ ಚೆಂಡು ನೋಡುವ ಮೊದಲು ಕಂಬದ ತಲೆ ಹಿಡಿದು ಬಲವಾಗಿ ಎಳೆದು ನೋಡಬೇಕು. ಓಲಾಡಿದರೆ ಬೇಡ.

ನಮ್ಮ ಕಡೆಯಲ್ಲಂತೂ ಕೊಳ್ಳಬೇಕಾಗಿಯೇ ಇಲ್ಲ. ಇದು ತೆಂಗಿನ ನಾಡು. ನೆಟ್ಟಣದ ಕಿದುವಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಅಲ್ಲಿ ದೇಶವಿದೇಶದ ತೆಂಗಿನ ತಳಿಗಳನ್ನು ಕಾಪಾಡಿಡುವ ಅಂತರರಾಷ್ಟ್ರೀಯ ಭಂಡಾರವೇ ಇದೆ. ಪೇಟೆಯ ಕಂಬಗಳಿಗೆ ಸುತ್ತುವುದು ಕತ್ತಾಳೆ ಜಾತಿಯ ಗಿಡದ ನಾರು. ತೆಂಗಿನ ನಾರಿನಲ್ಲಿ ಲಿಗ್ನಿನ್ ಅದಕ್ಕಿಂತ ಬಹಳ ಹೆಚ್ಚು, ಆದ್ದರಿಂದಲೇ ಅದು ನೀರಿಗೂ ಕೊಳೆತಕ್ಕೂ ಬೇಗ ಬಗ್ಗುವುದಿಲ್ಲ. ನಮ್ಮ ಮಳೆಗಾಲಕ್ಕೆ ಇದು ದೊಡ್ಡ ಗುಣ. ನಾನು ಬಿದ್ದ ಅಡಕೆ ಮರದ 4 ಅಡಿ ತುಂಡೊಂದನ್ನು ತೆಗೆದುಕೊಂಡೆ. ಅಡಕೆ ಮರದ ಹೊರಮೈ ಉಗುರಿಗೆ ತೀರಾ ಗಟ್ಟಿ, ಸಿಬಿರು ಬೇರೆ ಏಳುತ್ತದೆ. ಹಾಗೇ ನಿಲ್ಲಿಸಿದರೆ ಆಗದು. ಅದಕ್ಕೆ ಹುರಿಹಗ್ಗವನ್ನು ಅಡ್ಡಡ್ಡಲಾಗಿ, ಸಂದಿಯಿಲ್ಲದಂತೆ ಬಿಗಿಯಾಗಿ ಸುತ್ತಬೇಕು. 12 ಸೆಂ.ಮೀ. ದಪ್ಪದ ಕಂಬಕ್ಕೆ 1 ಸೆಂ.ಮೀ. ದಪ್ಪದ ಹಗ್ಗವನ್ನು 90 ಸೆಂ.ಮೀ. ಎತ್ತರ ಸುತ್ತಲು 35 ಮೀಟರಿಗಿಂತ ಸ್ವಲ್ಪ ಹೆಚ್ಚು ಬೇಕಾಯಿತು. ಬುಡವನ್ನು ಹಳೆ ಬಕೆಟಿನಲ್ಲಿಟ್ಟು ಕಾಂಕ್ರೀಟು ತುಂಬಿಸಿ, ತಲೆಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಎಲ್ಲ ಬೆಕ್ಕಿಗೂ ತೆಂಗಿನ ನಾರಿನ ಚುಚ್ಚು ಹಿಡಿಸಲಿಕ್ಕಿಲ್ಲ. ಹಾಗಾದರೆ ಅದೇ ಕಂಬಕ್ಕೆ ಹಳೆ ಗೋಣಿ ಬಿಗಿದರೆ ಸಾಕು. ಮರಿಗಳಿಗೆ ಅಲೆಯಲೆಯಾದ ರಟ್ಟು ಬಹಳ ಇಷ್ಟ. ಕೆಲವು ಬೆಕ್ಕುಗಳು ನಿಂತು ಪರಚುವುದಿಲ್ಲ, ನೆಲದ ಕಾಲೊರಸನ್ನೇ ಕೆರೆಯುತ್ತವೆ. ಅಂಥದ್ದಕ್ಕೆ ಹಗ್ಗ ಸುತ್ತಿದ ಹಲಗೆಯನ್ನು ನೆಲದಲ್ಲೇ ಇಡಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೊಳೆರೋಗಕ್ಕೆಂದು ನಾವು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ. ಮರದ ಮೈಯಲ್ಲಿ ಅದರ ನೀಲಿ ಕಲೆ ಉಳಿದಿರುತ್ತದೆ. ತುಂಡನ್ನು ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿಯೇ ಬಳಸಬೇಕು. ಗೆದ್ದಲು ಬಾರದಿರಲೆಂದು ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಕರಾವಳಿಯಲ್ಲಿದೆ. ಈ ಕಂಬಕ್ಕೆ ಅದು ಖಂಡಿತ ಬೇಡ. ಆ ಎಣ್ಣೆಯಲ್ಲಿರುವುದು ಫಿನಾಲ್ ಜಾತಿಯ ರಾಸಾಯನಿಕಗಳು. ನಮ್ಮ ಯಕೃತ್ತು ಫಿನಾಲನ್ನು ಗ್ಲುಕುರಾನಿಕ್ ಆಮ್ಲದೊಂದಿಗೆ ಬೆಸೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸ ಮಾಡುವ ಕಿಣ್ವ ತೀರಾ ದುರ್ಬಲ. ಪರಚಿದ ಮೇಲೆ ಬೆಕ್ಕು ಕಾಲು ನೆಕ್ಕುತ್ತದೆ, ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನೆಲ ಒರಸುವ ಫಿನಾಯಿಲ್ ಕೂಡ ಇದೇ ಕಾರಣಕ್ಕೆ ಬೆಕ್ಕಿರುವ ಮನೆಗೆ ಸಲ್ಲದು.

ಬೆಕ್ಕನ್ನು ಹೊಸ ಕಂಬಕ್ಕೆ ಸೆಳೆಯಲು ವಿದೇಶಗಳಲ್ಲಿ ಕ್ಯಾಟ್‌ನಿಪ್ ಎಂಬ ಸೊಪ್ಪು ಉಜ್ಜುತ್ತಾರೆ. ನಮ್ಮ ಅಂಗಳದ ಬದಿಯಲ್ಲಿ ಕುಪ್ಪಿಗಿಡ ಇದೆಯಲ್ಲ, ಅದನ್ನು ಬುಡಸಮೇತ ಕಿತ್ತು ನೋಡಿ. ಎಲೆಯತ್ತ ತಿರುಗಿಯೂ ನೋಡದ ಬೆಕ್ಕು ಹಸಿ ಬೇರಿಗೆ ಮುಖ ಉಜ್ಜಿ ಹೊರಳಾಡುತ್ತದೆ. ಬೇರನ್ನು ಹಗ್ಗಕ್ಕೆ ತಿಕ್ಕಿ ತೆಗೆದುಬಿಡಬೇಕು, ತಿನ್ನಲು ಬಿಡಬಾರದು. ಬೆಕ್ಕಿನ ಕಾಲು ಹಿಡಿದು ಕಂಬಕ್ಕೆ ಉಜ್ಜಿಸುವವರಿದ್ದಾರೆ; ಅದರಿಂದ ಬೆಕ್ಕು ಕಂಬಕ್ಕೆ ಹೆದರುತ್ತದೆ, ಅಷ್ಟೇ.

ನನಗೆ ಕುಪ್ಪಿಗಿಡವೂ ಬೇಕಾಗಲಿಲ್ಲ. ಕಂಬ ಮಾಡಿದ ವಾರದಲ್ಲೇ ಅಡಕೆ ಮಾರಿದೆವು, ಗೋಣಿಗಳೆಲ್ಲ ಪಿಕಪ್‌ನಲ್ಲಿ ಪುತ್ತೂರಿಗೆ ಹೋದವು. ಮರುದಿನ ಬೆಳಗ್ಗೆ ಬೆಕ್ಕು ಕೋಣೆಗೆ ಬಂದು ಖಾಲಿ ನೆಲವನ್ನು ಮೂಸಿತು, ಗೋಡೆ ಮೂಸಿತು, ಹೊರಗೆ ಬಂದು ಅಪ್ಪನ ಬೆತ್ತದ ಕುರ್ಚಿಗೆ ಕಾಲು ಚಾಚಿತು. ತೂತಾದ ಆ ಹಳೆ ಗೋಣಿಯನ್ನು ಮಾತ್ರ ನಾನು ಬೇರೆ ತೆಗೆದಿಟ್ಟಿದ್ದೆ. ಅದರ ಗಡ್ಡ ಬಂದ ಭಾಗವನ್ನು ಒಂದು ಗೇಣು ಅಗಲ ಕತ್ತರಿಸಿ ಕಂಬದ ಮೇಲ್ತುದಿಗೆ ಸುತ್ತಿ, ಕಂಬವನ್ನು ಗೋಣಿ ಇದ್ದ ಜಾಗಕ್ಕೇ ಸರಿಸಿದೆ. ಬೆಕ್ಕು ಬಂತು, ಮೂಸಿತು, ಎರಡು ಕಾಲನ್ನೂ ಮೇಲಕ್ಕೆ ಚಾಚಿತು. ಅಮ್ಮ ಅಡುಗೆಮನೆಯಿಂದ ಇಣುಕಿ, ತೆಂಗಿನ ಹಾಲಿನಲ್ಲಿ ಅದ್ದಿದ ದೋಸೆಯ ಚೂರೊಂದನ್ನು ತಂದು ಕಂಬದ ಬುಡದಲ್ಲಿಟ್ಟರು.

ಈ ಮಳೆಗಾಲಕ್ಕೆ ಹಗ್ಗ ಅರ್ಧಕ್ಕರ್ಧ ಬಿಚ್ಚಿಕೊಂಡು ನೋಡಲು ಚೆಂದವಿಲ್ಲ. ಬದಲಿಸು ಎಂದು ಅಮ್ಮ ಎರಡು ಸಲ ಹೇಳಿದರು. ಕೆಳಗಿನ ಒಂದೂವರೆ ಅಡಿಗೆ ಹೊಸ ಹುರಿ ಸುತ್ತಿದ್ದೇನೆ. ಮೇಲೆ ಹರಿದದ್ದನ್ನು, ಆ ಗೋಣಿಯ ತುಂಡನ್ನು, ಹಾಗೆಯೇ ಬಿಟ್ಟಿದ್ದೇನೆ.