ನಗರ ತೋಟಗಳಲ್ಲಿ ಆಲೂಗಡ್ಡೆ ತಳಿ ಸಂಗ್ರಹ

ನಗರ ತೋಟಗಳಲ್ಲಿ ಆಲೂಗಡ್ಡೆ ತಳಿ ಸಂಗ್ರಹ ಎಂಬುದು ನಗರವಾಸಿಗಳು ಹಿತ್ತಿಲು, ತಾರಸಿ, ಕುಂಡ ಹಾಗೂ ಬಾಡಿಗೆಗೆ ಪಡೆದ ತುಂಡುಭೂಮಿಗಳಲ್ಲಿ ಆಲೂಗಡ್ಡೆಯ ಹಳೆಯ ಮತ್ತು ಅಪರೂಪದ ತಳಿಗಳನ್ನು ಬೆಳೆದು, ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬರುವ ಹವ್ಯಾಸವಾಗಿದೆ. ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಹೆಚ್ಚು ರೂಢಿಯಲ್ಲಿದೆ. ರಾಗಿ, ಅವರೆಗಳಂತೆ ಒಣಬೀಜವಾಗಿ ಕೂಡಿಟ್ಟು ಆಲೂಗಡ್ಡೆಯ ತಳಿಯನ್ನು ಕಾಪಾಡಲಾಗದು. ಅದನ್ನು ಮತ್ತೆ ಮತ್ತೆ ನೆಡುತ್ತಲೇ ಇರಬೇಕಾಗುತ್ತದೆ.

ಹಿನ್ನೆಲೆ

ಆಲೂಗಡ್ಡೆಯ ಮೂಲ ನೆಲೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಅಲ್ಲಿ 4,000ಕ್ಕೂ ಹೆಚ್ಚು ನಾಡತಳಿಗಳಿವೆ. ಪೆರು ದೇಶದ ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು ಇವುಗಳನ್ನು ಸಂರಕ್ಷಿಸುತ್ತಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪನ್ನು ತಲುಪಿದ್ದು ಈ ವೈವಿಧ್ಯದ ಒಂದು ಸಣ್ಣ ಅಂಶ ಮಾತ್ರ.

ಗಿಡದ ಹೂವಿನಿಂದ ಬರುವ ಬೀಜವನ್ನು ಬಿತ್ತಿದರೆ ತಾಯಿಗಿಡದ ಗುಣಗಳು ಯಥಾವತ್ತಾಗಿ ಮರುಕಳಿಸುವುದಿಲ್ಲ. ಆದ್ದರಿಂದ ಗೆಡ್ಡೆಯನ್ನೇ ನೆಡಲಾಗುತ್ತದೆ; ಒಂದು ತಳಿಯ ಎಲ್ಲ ಗಿಡಗಳೂ ಆನುವಂಶಿಕವಾಗಿ ಒಂದೇ ಆಗಿರುತ್ತವೆ. ಇದರ ಅಪಾಯ 1845ರಲ್ಲಿ ಆರಂಭವಾದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಪ್ರಕಟವಾಯಿತು. ಬಡವರು ಬಹುಮಟ್ಟಿಗೆ ಆಶ್ರಯಿಸಿದ್ದ ಲಂಪರ್ ಎಂಬ ತಳಿ ಅಂಗಮಾರಿ ರೋಗಕ್ಕೆ ತುತ್ತಾಯಿತು. ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಮಡಿದರು. ಅಷ್ಟೇ ಸಂಖ್ಯೆಯ ಜನರು ದೇಶ ತೊರೆದರು. ಲಂಪರ್ ತಳಿ ಇಂದಿಗೂ ಸಂಗ್ರಹಗಳಲ್ಲಿ ಉಳಿದಿದೆ.

ಲೆನಿನ್‌ಗ್ರಾಡಿನ ಸಂಗ್ರಹ

ನಗರವೊಂದರಲ್ಲಿ ಆಲೂಗಡ್ಡೆ ತಳಿಗಳನ್ನು ಉಳಿಸಿದ ಪ್ರಸಿದ್ಧ ನಿದರ್ಶನ ಎರಡನೆಯ ಮಹಾಯುದ್ಧದ ಕಾಲದ ಲೆನಿನ್‌ಗ್ರಾಡಿನದು. ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಅಮೆರಿಕದಿಂದ ತಂದ ತಳಿಗಳನ್ನು ನಗರದ ಸಮೀಪದ ಪಾವ್ಲೊವ್ಸ್ಕ್‌ನಲ್ಲಿ ಬೆಳೆಯಲಾಗುತ್ತಿತ್ತು. 1941ರಲ್ಲಿ ಜರ್ಮನ್ ಸೇನೆ ಸಮೀಪಿಸಿದಾಗ ಸಿಬ್ಬಂದಿ ಗೆಡ್ಡೆಗಳನ್ನು ಅಗೆದು ನಗರದೊಳಗಿನ ಸಂಸ್ಥೆಯ ನೆಲಮಾಳಿಗೆಗೆ ಸಾಗಿಸಿದರು. ಬಂದ ಚಳಿಗಾಲದಲ್ಲಿ ಗೆಡ್ಡೆಗಳು ಹೆಪ್ಪುಗಟ್ಟದಂತೆ, ಇಲಿಗಳ ಪಾಲಾಗದಂತೆ ಕಾಯಲಾಯಿತು. ಸಂಸ್ಥೆಯ ಹಲವರು ಹಸಿವಿನಿಂದ ಸತ್ತರೂ ಸಂಗ್ರಹವನ್ನು ತಿನ್ನಲಿಲ್ಲ. 1942ರ ವಸಂತದಲ್ಲಿ, ನಗರದ ಉದ್ಯಾನ ಮತ್ತು ಚೌಕಗಳು ತರಕಾರಿ ತೋಟಗಳಾಗಿ ಮಾರ್ಪಟ್ಟ ಕಾಲದಲ್ಲಿ, ಉಳಿದ ಗೆಡ್ಡೆಗಳನ್ನು ಮತ್ತೆ ನೆಡಲಾಯಿತು. ವಾವಿಲೋವ್ ಅವರನ್ನು 1940ರಲ್ಲೇ ಬಂಧಿಸಲಾಗಿತ್ತು. ಅವರು 1943ರಲ್ಲಿ ಸೆರೆಮನೆಯಲ್ಲಿ ನಿಧನರಾದರು.

ಹವ್ಯಾಸಿಗಳ ತಳಿಗಳು

ಇಂಗ್ಲೆಂಡಿನ ಬಾಡಿಗೆ ತೋಟದ ಸಾಂಪ್ರದಾಯಿಕ ಅಳತೆ ಸುಮಾರು 250 ಚದರ ಮೀಟರ್. ಇಂತಹ ತೋಟಗಳಲ್ಲಿ ಗಂಟುಗಂಟಾದ ಪಿಂಕ್ ಫರ್ ಆಪಲ್, ಕಪ್ಪು ಸಿಪ್ಪೆಯ ಶೆಟ್‌ಲ್ಯಾಂಡ್ ಬ್ಲ್ಯಾಕ್, ನೇರಳೆ ತಿರುಳಿನ ವಿಟಲೋಟ್, ಕೆಂಪು ತಿರುಳಿನ ಹೈಲ್ಯಾಂಡ್ ಬರ್ಗಂಡಿ ರೆಡ್ ಮೊದಲಾದವನ್ನು ಬೆಳೆಯುತ್ತಾರೆ. ಚಳಿಗಾಲದ ಕೊನೆಯಲ್ಲಿ ಬ್ರಿಟನ್ನಿನ ಹಲವು ಊರುಗಳಲ್ಲಿ ಏರ್ಪಡುವ 'ಆಲೂಗಡ್ಡೆ ದಿನ'ಗಳಲ್ಲಿ ಬಿತ್ತನೆ ಗೆಡ್ಡೆಗಳನ್ನು ಒಂದೊಂದಾಗಿ ಕೊಳ್ಳಬಹುದು. ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಸಂಸ್ಥೆ ತೋಟಗಾರರ ನಡುವಣ ವಿನಿಮಯಕ್ಕೆ ನೆರವಾಗುತ್ತಿದೆ.

ಬೆಳೆಯುವ ಕ್ರಮ

ಕೋಳಿಮೊಟ್ಟೆ ಗಾತ್ರದ ಗೆಡ್ಡೆಗಳನ್ನು ಬೆಳಕಿರುವ ತಂಪಾದ ಕೋಣೆಯಲ್ಲಿ ಕಣ್ಣು ಮೇಲಾಗಿ ಜೋಡಿಸಿ, ಗಿಡ್ಡ ಗಟ್ಟಿ ಮೊಳಕೆ ಬರಿಸಲಾಗುತ್ತದೆ. ಚೀಲ ಅಥವಾ ಕುಂಡದ ಕೆಳಭಾಗಕ್ಕೆ ಮಣ್ಣು-ಗೊಬ್ಬರ ತುಂಬಿ ಗೆಡ್ಡೆ ನೆಟ್ಟು, ಗಿಡ ಬೆಳೆದಂತೆ ಬುಡಕ್ಕೆ ಮಣ್ಣೇರಿಸುತ್ತಾರೆ. ಬೆಳಕು ತಾಕಿದ ಗೆಡ್ಡೆ ಹಸಿರಾಗಿ, ಅದರಲ್ಲಿ ಸೊಲನೈನ್ ಎಂಬ ವಿಷವಸ್ತು ಹೆಚ್ಚುವುದರಿಂದ ಈ ಕೆಲಸ ಅಗತ್ಯ. ಗೆಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅನುಕೂಲಕರ. ಒಂದು ಕುಂಡಕ್ಕೆ ಒಂದೇ ತಳಿ ಎಂಬ ನಿಯಮ ಪಾಲಿಸಿ ಹೆಸರಿನ ಚೀಟಿ ಹಚ್ಚದಿದ್ದರೆ ತಳಿಗಳು ಬೆರೆತು ಗುರುತು ಅಳಿಯುತ್ತದೆ.

ರೋಗ ಮತ್ತು ತಳಿಕ್ಷಯ

ಸಸ್ಯಹೇನುಗಳು ಹರಡುವ ವೈರಾಣುಗಳು ಗೆಡ್ಡೆಯ ಮೂಲಕ ಮುಂದಿನ ಬೆಳೆಗೂ ಸಾಗಿ, ಇಳುವರಿಯನ್ನು ವರ್ಷೇವರ್ಷೇ ಕುಗ್ಗಿಸುತ್ತವೆ. ಪ್ರಯೋಗಾಲಯಗಳಲ್ಲಿ ಅಂಗಾಂಶ ಕೃಷಿಯಿಂದ ವೈರಾಣುಮುಕ್ತ ಸಸಿಗಳನ್ನು ಪಡೆಯಬಹುದು. ಮನೆಯಲ್ಲಿ ಮಾಡಬಹುದಾದದ್ದೆಂದರೆ ಮುದುಡಿದ ಎಲೆಯ ಗಿಡಗಳನ್ನು ಕಿತ್ತುಹಾಕುವುದು ಮತ್ತು ಆರೋಗ್ಯವಾದ ಗಿಡದ ಗೆಡ್ಡೆಯನ್ನೇ ಬಿತ್ತನೆಗೆ ಆರಿಸುವುದು. ಅಂಗಮಾರಿಯ ಬೀಜಕಣಗಳು ಗಾಳಿಯಲ್ಲಿ ಹರಡುವುದರಿಂದ, ರೋಗ ತಗಲಿದ ಒಂದು ಕುಂಡವನ್ನು ಅಲಕ್ಷಿಸಿದರೆ ನೆರೆಯ ತೋಟಗಳಿಗೂ ಹಾನಿಯಾಗುತ್ತದೆ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಹಾಸನ, ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಳಗಾವಿ ಜಿಲ್ಲೆಗಳು ಆಲೂಗಡ್ಡೆಗೆ ಹೆಸರಾಗಿವೆ. ಹಾಸನ ಭಾಗದಲ್ಲಿ 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ವ್ಯಾಪಕವಾಗಿದ್ದು, ಬಿತ್ತನೆ ಗೆಡ್ಡೆ ಮುಖ್ಯವಾಗಿ ಪಂಜಾಬಿನಿಂದ ಬರುತ್ತದೆ. ಬೆಂಗಳೂರಿನಲ್ಲಿ ಚಳಿಗಾಲದ ರಾತ್ರಿಗಳು ತಂಪಾಗಿರುವುದರಿಂದ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಕುಂಡಗಳಲ್ಲಿ ನೆಡಬಹುದು. ಕೊಯ್ಲಿನ ಬಳಿಕ ಬರುವ ಬೇಸಗೆಯ ಸೆಖೆಯಲ್ಲಿ ಗೆಡ್ಡೆಗಳು ಮೊಳೆತು ಸೊರಗುತ್ತವೆ. ಶೀತಲಗೃಹದ ಅನುಕೂಲವಿಲ್ಲದ ಮನೆಗಳಲ್ಲಿ ತಳಿಯನ್ನು ಮುಂದಿನ ಹಂಗಾಮಿನವರೆಗೆ ಕಾಯ್ದಿಡುವುದೇ ಇಲ್ಲಿನ ಹವ್ಯಾಸಿಗಳಿಗೆ ಇರುವ ಮುಖ್ಯ ತೊಡಕು.