ಚೊಗರು ಬಲ್ಲವರು ವೈನರಿಗೆ ಹೋದರೆ

ಹೆಗಡೆಕಟ್ಟಾದಿಂದ ಯಾವ ದಿಕ್ಕಿಗೆ ಹೊರಟರೂ ಕಾಣುವುದು ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ಬುಡದಲ್ಲಿ ಯಾಲಕ್ಕಿ. ದ್ರಾಕ್ಷಿ ಚಪ್ಪರ ಕಾಣುವುದಿಲ್ಲ. ನಮ್ಮ ಮಳೆಗೆ ದ್ರಾಕ್ಷಿ ಬದುಕುವುದು ಕಷ್ಟ. ಅಡಿಕೆಗೆ ಕೊಳೆ ತರುವ ಜೀವಿಯ ದಾಯಾದಿಯೊಂದು ದ್ರಾಕ್ಷಿ ಎಲೆಗೂ ಬೂಜು ಹಿಡಿಸುತ್ತದೆ. ಆದರೂ ವೈನಿನ ನಾಡಿಗೂ ನಮಗೂ ಹಳೆಯ ನಂಟಿದೆ, ಅದು ಇರುವುದು ಔಷಧ ಹೊಡೆಯುವ ಪಂಪಿನಲ್ಲಿ. ಮೈಲುತುತ್ತ, ಸುಣ್ಣ ಕಲೆಸಿ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರು ಬಂದಿದ್ದು ಫ್ರಾನ್ಸಿನ ಬೋರ್ಡೋ ಎಂಬ ವೈನ್ ಸೀಮೆಯಿಂದ. ರಸ್ತೆ ಬದಿಯ ಹಣ್ಣನ್ನು ದಾರಿಹೋಕರು ಕಿತ್ತು ತಿನ್ನಬಾರದೆಂದು ಅಲ್ಲಿನ ತೋಟಗಾರರು ಬಳ್ಳಿಗೆ ಈ ನೀಲಿ ನೀರು ಎರಚುತ್ತಿದ್ದರು. ಎರಚಿದ ಬಳ್ಳಿಗೆ ರೋಗ ಬಾರದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧವೆಂದು ಪ್ರಕಟಿಸಿದ. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ಕಳ್ಳರನ್ನು ಹೆದರಿಸಲು ಹುಟ್ಟಿದ್ದು ನಮ್ಮ ಫಸಲು ಉಳಿಸುತ್ತಿದೆ.

ಇಷ್ಟು ಹೇಳಿದ್ದೇಕೆಂದರೆ, ವೈನರಿಗೆ ಹೋಗುವುದೆಂದರೆ ನಮ್ಮವರಿಗೆ ಒಂದು ಅಳುಕು. ಕುಡಿಯುವ ಜಾಗ ಎಂಬ ಅಳುಕು ಒಂದು, ಇಂಗ್ಲಿಷ್ ಮಾತಾಡುವವರ ನಡುವೆ ಏನೂ ತಿಳಿಯದೆ ನಿಲ್ಲಬೇಕಾದೀತು ಎಂಬುದು ಇನ್ನೊಂದು. ಮೊದಲನೆಯದನ್ನು ಮನೆಯವರ ಹತ್ತಿರ ಬಗೆಹರಿಸಿಕೊಳ್ಳಿ. ಎರಡನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿದೆ.

ನಮ್ಮ ರಾಜ್ಯದಲ್ಲಿ ನೋಡಲು ಯೋಗ್ಯವಾದ ವೈನರಿಗಳು ಮೂರು ದಿಕ್ಕಿನಲ್ಲಿವೆ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಇದೆ. ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞರ ನೆರವಿನಿಂದ ಕಟ್ಟಿದ ಈ ತೋಟದ ಮೊದಲ ವೈನ್ ಬಂದಿದ್ದು 1992ರಲ್ಲಿ. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜತೆ ಸೇರಿ ಗ್ರೋವರ್ ಜಂಪಾ ಆಯಿತು. ಈಗ ಅದನ್ನು ಸಣ್ಣದು ಎನ್ನಲಾಗದು, ಆದರೆ ಮೊದಲ ಸಲ ಹೋಗುವವರಿಗೆ ಅದೇ ಸಲೀಸು. ಸುತ್ತಾಟ, ರುಚಿ ನೋಡುವುದು ಎಲ್ಲ ವ್ಯವಸ್ಥಿತವಾಗಿದೆ. ಬೆಂಗಳೂರು–ಮೈಸೂರು ದಾರಿಯಲ್ಲಿ, ಚನ್ನಪಟ್ಟಣದ ಹತ್ತಿರ ಹೆರಿಟೇಜ್ ಇದೆ. ನಮಗೆ ಹತ್ತಿರದ್ದೆಂದರೆ ಹುಬ್ಬಳ್ಳಿ ದಾಟಿ ಕೊಪ್ಪಳ ಜಿಲ್ಲೆಯಲ್ಲಿರುವ ಕ್ರಿಸ್ಮಾ. ಕೃಷ್ಣ ಮತ್ತು ಉಮಾ ಎಂಬ ದಂಪತಿಯ ಹೆಸರು ಕೂಡಿಸಿ ಇಟ್ಟ ಹೆಸರು. ಬುಟೀಕ್ ವೈನರಿ ಎನ್ನುವುದು ಇಂಥದ್ದಕ್ಕೆ: ತಮ್ಮ ತೋಟದ ಹಣ್ಣು, ಕಡಿಮೆ ಬಾಟಲಿ, ಹೆಚ್ಚು ಜತನ. ಇಂಥ ಕಡೆ ಸುಮ್ಮನೆ ಹೋಗಿ ಗೇಟು ತಟ್ಟಿದರೆ ಆಗುವುದಿಲ್ಲ, ಮೊದಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಬೇಕು. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ಮಂಡಳಿಯನ್ನೂ ಮಾಡಿದ ಮೇಲೆ ಈ ಉದ್ಯಮಕ್ಕೆ ಸ್ವಲ್ಪ ಜೀವ ಬಂತು.

ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಮಾನ್ಯತೆ ಇದೆಯಲ್ಲ, ವೈನ್ ಅದರದ್ದೇ ಇರಬೇಕು ಎಂದು ಹಲವರ ನಂಬಿಕೆ. ಅದು ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತದೆ. ನೀವು ಇಲ್ಲಿ ರುಚಿ ನೋಡುವುದು ಹೆಚ್ಚಾಗಿ ಕ್ಯಾಬರ್ನೆ ಸೊವಿನ್ಯೊ, ಶಿರಾಜ್, ಸೊವಿನ್ಯೊ ಬ್ಲಾಂಕ್ ಮುಂತಾದ ಬೇರೆ ಜಾತಿಯ ಹಣ್ಣಿನದು. ಸಣ್ಣ ಕಾಳು, ದಪ್ಪ ಸಿಪ್ಪೆ, ತುಂಬ ಬೀಜ. ತಿನ್ನಲು ಅಷ್ಟಕ್ಕಷ್ಟೆ.

ಸುತ್ತಾಟ ತೋಟದಿಂದ ಶುರುವಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿ ಸವರುತ್ತಾರೆ, ಹಣ್ಣಾಗುವುದು ಚಳಿಗಾಲ ಕಳೆಯುವಾಗ. ಯುರೋಪಿನಲ್ಲಿ ಕೊಯ್ಲು ಸೆಪ್ಟೆಂಬರಿಗೆ, ನಮ್ಮಲ್ಲಿ ಅದರ ತಿರುವುಮುರುವು. ಹಣ್ಣಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಬ್ರಿಕ್ಸ್ ಮಾಪಕದಲ್ಲಿ ಅಳೆದು, 22ರಿಂದ 24ರ ಹತ್ತಿರ ಬಂದಾಗ ಕೊಯ್ಯುತ್ತಾರೆ. ಒಂದು ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುಳಿ ಬಂದಾಗ ಶೇಕಡಾ 1ರಷ್ಟು ಆಲ್ಕೊಹಾಲ್ ಆಗುತ್ತದೆ. ಬಾಟಲಿಯ ಮೇಲಿನ 13 ಎಂಬ ಅಂಕಿ ತೋಟದಲ್ಲೇ ತೀರ್ಮಾನವಾದದ್ದು.

ಒಳಗೆ ಹೋದರೆ ಉಕ್ಕಿನ ದೊಡ್ಡ ದೊಡ್ಡ ಟ್ಯಾಂಕುಗಳು. ಬಿಳಿ ವೈನಿಗೆ ಹಣ್ಣು ಹಿಂಡಿ ರಸ ಮಾತ್ರ ತೆಗೆದು, ತಣ್ಣಗೆ, 12ರಿಂದ 18 ಡಿಗ್ರಿಯಲ್ಲಿ ನಿಧಾನ ಹುಳಿ ಬರಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ, ಬೀಜದ ಸಮೇತ, ಸ್ವಲ್ಪ ಬೆಚ್ಚಗೆ. ಬಣ್ಣ ಇರುವುದು ಸಿಪ್ಪೆಯಲ್ಲಿ, ಈ ಹಣ್ಣುಗಳ ರಸಕ್ಕೆ ಬಣ್ಣವೇ ಇಲ್ಲ. ಹುಳಿ ಬರುವಾಗ ಸಿಪ್ಪೆಯೆಲ್ಲ ಉಬ್ಬಿ ಮೇಲೆ ತೇಲುತ್ತದೆ, ಅದನ್ನು ದಿನಕ್ಕೆ ಒಂದೆರಡು ಸಲವಾದರೂ ಕೆಳಗಿನ ರಸದಲ್ಲಿ ತೋಯಿಸಬೇಕು. ಕೆಲವು ಕೆಂಪು ವೈನು ಆಮೇಲೆ 225 ಲೀಟರಿನ ಓಕ್ ಪೀಪಾಯಿಗೆ ಹೋಗಿ ತಿಂಗಳುಗಟ್ಟಲೆ ಕೂರುತ್ತದೆ. ಪೀಪಾಯಿ ಕೋಣೆಯ ವಾಸನೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಹೊಸ ಮರದ ಹುಡಿ, ವೆನಿಲಾ ಕೋಡು, ತಂಪು ಮಣ್ಣು ಮೂರೂ ಒಟ್ಟಿಗೆ ಬಂದ ಹಾಗೆ.

ಕೊನೆಗೆ ಟೇಸ್ಟಿಂಗ್ ರೂಮು. ಐದಾರು ಗ್ಲಾಸು, ಒಂದೊಂದಕ್ಕೂ ಸುಮಾರು 30 ಮಿಲಿಲೀಟರ್. ಬಿಳಿಯಿಂದ ಕೆಂಪಿಗೆ, ಹಗುರದಿಂದ ಗಟ್ಟಿಗೆ, ಸಿಹಿ ಕೊನೆಗೆ. ಪಾಯಸ ಉಂಡ ಮೇಲೆ ಸಾರು ರುಚಿಸುವುದಿಲ್ಲವಲ್ಲ, ಅದೇ ಲೆಕ್ಕ. ಗ್ಲಾಸಿನ ಕಾಲು ಹಿಡಿಯಿರಿ, ಹೊಟ್ಟೆ ಹಿಡಿದರೆ ಕೈ ಬಿಸಿಗೆ ವೈನ್ ಕಾಯುತ್ತದೆ. ಬಿಳಿ ಹಾಳೆಯ ಎದುರು ಬಣ್ಣ ನೋಡಿ. ಒಮ್ಮೆ ಮೂಸಿ, ಗ್ಲಾಸು ಗಿರಕಿ ಹೊಡೆಸಿ, ಮತ್ತೆ ಮೂಸಿ. ಎರಡನೆಯ ಸಲ ಬೇರೆಯದೇ ವಾಸನೆ ಬರುತ್ತದೆ. ಆಮೇಲೆ ಸ್ವಲ್ಪ ಬಾಯಿಗೆ ಹಾಕಿಕೊಂಡು, ಬಿಸಿ ಕಷಾಯ ಸೊರ್ ಎಂದು ಎಳೆಯುವ ಹಾಗೆ ಗಾಳಿಯನ್ನೂ ಎಳೆಯಿರಿ. ಸದ್ದಾದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಜತೆ ಬಂದಿದ್ದ ಭಾವ, ಹುಟ್ಟಾ ತೋಟಿಗ, ಮೊದಲ ಎರಡು ಗ್ಲಾಸಿಗೆ ಮುಖ ಹುಳ್ಳಗೆ ಮಾಡಿಕೊಂಡು ಕೂತಿದ್ದ. ಕ್ಯಾಬರ್ನೆ ಬಂತು. ಒಂದು ಗುಟುಕು ತೆಗೆದುಕೊಂಡವನೇ ಕೆನ್ನೆ ಒಳಗೆಳೆದುಕೊಂಡು, ನಾಲಿಗೆಯನ್ನು ಅಂಗುಳಕ್ಕೆ ಒಂದೆರಡು ಸಲ ತಾಗಿಸಿ ನೋಡಿ, "ಭಾವ, ಇದು ಚೊಗರಿನ ಹಾಂಗೇ ಇದ್ದು!" ಎಂದ. ವೈನ್ ಸುರಿಯುತ್ತಿದ್ದ ಹುಡುಗಿ ಏನೆಂದು ಕೇಳಿದಳು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ನೀರು, ಅದನ್ನೇ ಕಾಯಿಸಿ ಗಟ್ಟಿ ಮಾಡಿ ಮತ್ತೆ ಅಡಿಕೆಗೆ ಬಣ್ಣ ಕೊಡುವುದು, ಎಳೆಯ ಅಡಿಕೆಗೆ ಒಗರು ಹೆಚ್ಚು, ಬಲಿತರೆ ಕಡಿಮೆ ಎಂದೆಲ್ಲ ಭಾವ ಹತ್ತು ನಿಮಿಷ ವಿವರಿಸಿದ. ಅವಳು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ಕೇಳಿದಳು.

ಅವನು ಹೇಳಿದ್ದು ಬರೀ ಹೋಲಿಕೆಯಲ್ಲ. ವೈನಿನವರು ಟ್ಯಾನಿನ್ ಎನ್ನುವುದು ಇದೇ ಒಗರಿಗೆ. ಅಡಿಕೆಯಲ್ಲೂ ದ್ರಾಕ್ಷಿ ಬೀಜದಲ್ಲೂ ಇರುವ ಟ್ಯಾನಿನ್ ಒಂದೇ ಕುಲದ್ದು. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರನ್ನು ತೆಗೆದುಬಿಡುತ್ತದೆ, ಒಸಡು ಬಿಗಿಯುವುದು ಅದಕ್ಕೇ. ಒಗರು ಒರಟೋ ನಯವೋ, ಬೇಗ ಹೋಯಿತೋ ಉಳಿಯಿತೋ, ಹಣ್ಣಿನ ರುಚಿಯನ್ನು ನುಂಗಿತೋ ಎಂದು ನೋಡುವುದೇ ಕೆಂಪು ವೈನಿನ ಅರ್ಧ ಪರೀಕ್ಷೆ. ಅಡಿಕೆ ಹೋಳನ್ನು ಬಾಯಿಗೆ ಹಾಕಿ ಯಾವ ದರ್ಜೆಯದೆಂದು ಹೇಳುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ವಾಸನೆಯ ಮಾತೂ ಹಾಗೇ. ಅಲ್ಲಿನ ಕರಪತ್ರದಲ್ಲಿ ಬ್ಲ್ಯಾಕ್‌ಕರಂಟ್, ಚೆರ್ರಿ ಎಂದಿರುತ್ತದೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ನಮ್ಮಲ್ಲಿ ಎಷ್ಟು ಜನ ತಿಂದಿದ್ದೇವೆ? ನಿಮಗೆ ನೇರಳೆ ಎನಿಸಿದರೆ ನೇರಳೆ ಎನ್ನಿ, ಒಣ ಮುರುಗಲು ಎನಿಸಿದರೆ ಹಾಗೇ ಹೇಳಿ. ಶಿರಾಜಿನಲ್ಲಿ ಕಾಳುಮೆಣಸು ಎನಿಸಿದರಂತೂ ಗಟ್ಟಿಯಾಗಿ ಹೇಳಿ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ಅಂಶ ಶಿರಾಜ್ ಹಣ್ಣಿನ ಸಿಪ್ಪೆಯಲ್ಲೂ ಇದೆ. ಸೊವಿನ್ಯೊ ಬ್ಲಾಂಕಿನಲ್ಲಿ ದೊಣ್ಣೆಮೆಣಸಿನ ಹಸಿ ವಾಸನೆ ಬಂದರೆ ಅದೂ ಭ್ರಮೆಯಲ್ಲ.

ಮೇಜಿನ ಮೇಲೆ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ. ಪೇಟೆಯವರು ನಾಚಿಕೊಂಡು ಅದನ್ನು ಮುಟ್ಟುವುದಿಲ್ಲ. ಕವಳ ಹಾಕುವ ಊರಿನವರಿಗೆ ಆ ಸಂಕೋಚ ಯಾಕೆ? ವೃತ್ತಿಯಾಗಿ ರುಚಿ ನೋಡುವವರೆಲ್ಲ ಉಗುಳುತ್ತಾರೆ. ಆರು ಗ್ಲಾಸನ್ನೂ ನುಂಗಿದರೆ 180 ಮಿಲಿಲೀಟರ್ ಒಳಗೆ ಹೋಯಿತು ಎಂದರ್ಥ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ವಾಹನ ಓಡಿಸುವುದು ಅಪರಾಧ. ಆದ್ದರಿಂದ ಕಾರು ಓಡಿಸುವವರು ಯಾರೆಂದು ಹೊರಡುವಾಗಲೇ ಗೊತ್ತಾಗಿರಲಿ, ಅವರಿಗೆ ಮೂಸುವ ಸುಖ ಸಾಕು. ಕುಡಿಯದವರೂ ತೋಟ, ಪೀಪಾಯಿ ಕೋಣೆ ನೋಡಿ ಬರಬಹುದು. 21 ತುಂಬದವರಿಗೆ ಟೇಸ್ಟಿಂಗ್ ಇಲ್ಲ, ಗಾಂಧಿ ಜಯಂತಿ, ಚುನಾವಣೆಯಂಥ ದಿನಗಳಲ್ಲಿ ಯಾರಿಗೂ ಇಲ್ಲ.

ಬಾಟಲಿ ಕೊಂಡರೆ ಬಿಲ್ಲು ಜೋಪಾನ, ರಾಜ್ಯದ ಗಡಿ ದಾಟುವವರಿಗೆ ನಿಯಮ ಬೇರೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಒಂದೇ ಮಧ್ಯಾಹ್ನಕ್ಕೆ ಕೆಡುತ್ತದೆ. ಬಿರಡೆ ಹಾಕಿದ್ದನ್ನು ಮಲಗಿಸಿ ಇಡಬೇಕು, ತಿರುಪಿನ ಮುಚ್ಚಳದ್ದು ಹೇಗಿದ್ದರೂ ಆದೀತು. ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಎಲ್ಲದಕ್ಕೂ ಅಲ್ಲ. ನಮ್ಮ ಬಿಳಿ ವೈನುಗಳಲ್ಲಿ ಹೆಚ್ಚಿನವನ್ನು ಒಂದೆರಡು ವರ್ಷದೊಳಗೆ ಮುಗಿಸುವುದೇ ಸರಿ.

ಹೋಗಲು ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ನಮ್ಮಲ್ಲಿ ಕೊನೆಕೊಯ್ಲಿನ ಗಡಿಬಿಡಿ ಇಳಿಯುವ ಹೊತ್ತಿಗೆ ಅಲ್ಲಿ ಹಣ್ಣು ಬರುತ್ತಿರುತ್ತದೆ, ಟ್ಯಾಂಕು ಉಬ್ಬುತ್ತಿರುತ್ತದೆ, ನೋಡುವುದಕ್ಕೆ ಏನಾದರೂ ಇರುತ್ತದೆ. ವಾರದ ನಡುವೆ ಹೋಗಿ, ಬೆಳಗಿನ ಹೊತ್ತು ಹೋಗಿ, ಆಸರಿಗೆಯಷ್ಟೇ ಅಲ್ಲ, ಹೊಟ್ಟೆತುಂಬ ತಿಂಡಿಯನ್ನೂ ಮುಗಿಸಿಕೊಂಡು ಹೋಗಿ. ಸೆಂಟು ಹಾಕಿಕೊಳ್ಳಬೇಡಿ. ಕವಳದ ಸಂಚಿ ಕಾರಿನಲ್ಲೇ ಇರಲಿ, ಬಾಯಲ್ಲಿ ಸುಣ್ಣ, ತಂಬಾಕು ಇಟ್ಟುಕೊಂಡು ಹೋದವರಿಗೆ ಆರೂ ಗ್ಲಾಸು ಒಂದೇ ರುಚಿ.