ಅಕ್ವೇರಿಯಂ ಮೀನು ಸತ್ತರೆ ಮನೆಯ ಕಷ್ಟ ತೊಲಗುತ್ತದೆಯೇ? ಮೀನನ್ನು ನಿಜವಾಗಿ ಕೊಲ್ಲುವುದೇನು?

‘ಮನೆಯ ಅಕ್ವೇರಿಯಂನಲ್ಲಿ ಮೀನು ಸತ್ತರೆ ಬೇಸರ ಬೇಡ. ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡಿದೆ. ಕೂಡಲೇ ಅದೇ ಬಣ್ಣದ ಇನ್ನೊಂದು ಮೀನು ತಂದು ಬಿಡಿ.’ ಇಂಥ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅಂಗಡಿಯಲ್ಲೋ ನೆಂಟರ ಮನೆಯಲ್ಲೋ ಈ ಮಾತನ್ನು ಕೇಳಿಯೂ ಇರಬಹುದು.

ಮೀನು ಸತ್ತಾಗ ಅಳುವ ಮಗುವಿಗೆ ಸಮಾಧಾನ ಹೇಳಲು ಈ ಮಾತು ಒದಗುತ್ತದೆ, ನಿಜ. ತೊಂದರೆ ಇರುವುದು ಸಂದೇಶದ ಕೊನೆಯ ಸಾಲಿನಲ್ಲಿ. ಮೊದಲ ಮೀನನ್ನು ಕೊಂದ ಕಾರಣ ನೀರಿನಲ್ಲೇ ಉಳಿದಿದ್ದರೆ ಎರಡನೆಯದೂ ಸಾಯುತ್ತದೆ, ಮೂರನೆಯದೂ ಸಾಯುತ್ತದೆ. ಹಾಗಾಗಿ ಆ ಕಾರಣ ಏನೆಂದು ನೋಡೋಣ.

ಸಾವಿಗೂ ಒಂದು ವೇಳಾಪಟ್ಟಿ ಇದೆ

ಮನೆಯ ಅಕ್ವೇರಿಯಂನಲ್ಲಿ ಮೀನುಗಳು ಹೆಚ್ಚಾಗಿ ಸಾಯುವುದು ಎರಡು ಸಂದರ್ಭಗಳಲ್ಲಿ. ಒಂದು, ಹೊಸ ಟ್ಯಾಂಕ್ ತಂದ ಮೊದಲ ಕೆಲವು ವಾರಗಳಲ್ಲಿ. ಇನ್ನೊಂದು, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದ ಮರುದಿನಗಳಲ್ಲಿ. ಮನೆಯ ಕಷ್ಟಗಳು ಹೀಗೆ ದಿನ ನೋಡಿಕೊಂಡು ಬರುವುದಿಲ್ಲ. ನೀರಿನ ರಸಾಯನಶಾಸ್ತ್ರ ಮಾತ್ರ ಹೀಗೆಯೇ ನಡೆಯುತ್ತದೆ.

ಮೀನು ತಿಂದ ಆಹಾರದ ಪ್ರೋಟೀನ್ ಜೀರ್ಣವಾದ ಮೇಲೆ ಉಳಿಯುವ ತ್ಯಾಜ್ಯ ಅಮೋನಿಯಾ. ಅದರ ಬಹುಪಾಲನ್ನು ಮೀನು ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಕೆರೆ, ನದಿಯಲ್ಲಾದರೆ ಅದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ. ನಲವತ್ತು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಹೋಗಲು ಜಾಗವಿಲ್ಲ. ಅಮೋನಿಯಾ ಕಿವಿರನ್ನು ಸುಡುತ್ತದೆ, ಮೀನಿಗೆ ಉಸಿರಾಟವೇ ಕಷ್ಟವಾಗುತ್ತದೆ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿ ಕಾಣುತ್ತಿರುತ್ತದೆ. ಅದಕ್ಕೇ ‘ನೀರು ಶುದ್ಧವಾಗಿತ್ತು, ಆದರೂ ಸತ್ತಿತು’ ಎಂದು ನಾವು ಬೇರೆ ಕಾರಣ ಹುಡುಕುತ್ತೇವೆ.

ಕಣ್ಣಿಗೆ ಕಾಣದ ಕೆಲಸಗಾರರು

ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ: ಅದು ರಕ್ತ ಸೇರಿ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಕೆಲಸ ಕೆಡಿಸುತ್ತದೆ. ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ಈ ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಅದು ಹತೋಟಿಯಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ತಳದ ಜಲ್ಲಿಕಲ್ಲು, ಗಾಜಿನ ಒಳಮೈಗೆ ಅಂಟಿಕೊಂಡು ಬದುಕುತ್ತವೆ. ತೇಲುವ ನೀರಿನಲ್ಲಿ ಇರುವುದು ಕಡಿಮೆ. ಅವು ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಭಾನುವಾರ ಟ್ಯಾಂಕ್ ತಂದು ಅದೇ ಸಂಜೆ ಹತ್ತು ಮೀನು ಬಿಟ್ಟರೆ, ಆ ಹತ್ತರ ತ್ಯಾಜ್ಯ ತೆಗೆಯಲು ಅಲ್ಲಿ ಇನ್ನೂ ಯಾರೂ ಇರುವುದಿಲ್ಲ.

‘ಪೂರ್ತಿ ತೊಳೆದರೆ ಒಳ್ಳೆಯದಲ್ಲವೇ?’

ಅಲ್ಲ. ಎಲ್ಲ ನೀರು ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿದರೆ ಕೊಳೆಯ ಜೊತೆ ಆ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಹಳೆಯ ಟ್ಯಾಂಕ್ ಮತ್ತೆ ಹೊಸ ಟ್ಯಾಂಕ್ ಆಗುತ್ತದೆ. ಹಬ್ಬಕ್ಕೆ ಮನೆ ತೊಳೆದಂತೆ ಅಕ್ವೇರಿಯಂ ತೊಳೆದು, ಎರಡು ದಿನ ಕಳೆದ ಮೇಲೆ ಮೀನು ಸತ್ತರೆ ಅದರ ಹಿಂದಿರುವುದು ಬಹುತೇಕ ಇದೇ.

ನಲ್ಲಿ ನೀರೋ, ಬೋರ್ ನೀರೋ, ಆರ್‌ಒ ನೀರೋ?

ನಲ್ಲಿಯಲ್ಲಿ ಬರುವ ಕಾವೇರಿ ನೀರು ಅಥವಾ ಬೇರೆ ನಗರಗಳ ಶುದ್ಧೀಕರಿಸಿದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಮ್ಮನ್ನು ರೋಗಾಣುಗಳಿಂದ ಕಾಯುವ ಈ ಕ್ಲೋರಿನ್ ಮೀನಿನ ಕಿವಿರಿಗೂ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಹಾನಿ ಮಾಡುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಅದು ಗಾಳಿಗೆ ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಗಳನ್ನು ಬಳಸಬಹುದು. ಅಮೆರಿಕದಲ್ಲಿರುವ ನಮ್ಮ ಓದುಗರು ಒಂದು ವಿಷಯ ಗಮನಿಸಬೇಕು: ಅಲ್ಲಿನ ಹಲವು ನಗರಗಳಲ್ಲಿ ಕ್ಲೋರಮೈನ್ ಬಳಸುತ್ತಾರೆ, ಅದು ತೆರೆದಿಟ್ಟರೆ ಹೋಗುವುದಿಲ್ಲ. ಅಲ್ಲಿ ಹನಿಗಳೇ ಬೇಕು.

ಬೋರ್ ನೀರಿಗೆ ಕ್ಲೋರಿನ್ ಬೆರೆಸಿರದಿದ್ದರೆ ಆ ಚಿಂತೆ ಇಲ್ಲ, ಆದರೆ ಅದು ಹಲವು ಕಡೆ ಗಡಸು. ಗಡಸು ನೀರಿನ ಪಿಎಚ್ ಹೆಚ್ಚಾಗಿ ಮೇಲಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಹಾಗೆಂದು ಬರೀ ಆರ್‌ಒ ನೀರು ತುಂಬಿಸುವುದೂ ಸರಿಯಲ್ಲ. ಅದರಲ್ಲಿ ಮೀನಿಗೆ ಬೇಕಾದ ಖನಿಜಗಳು ತೀರಾ ಕಡಿಮೆ, ಪಿಎಚ್ ಸಹ ಬೇಗ ಏರುಪೇರಾಗುತ್ತದೆ.

‘ಗೋಲ್ಡ್ ಫಿಶ್‌ಗೆ ಒಂದು ಬಟ್ಟಲು ಸಾಕು’

ಗೋಲ್ಡ್ ಫಿಶ್ ನಮ್ಮ ರೋಹು, ಕಾಟ್ಲಾಗಳ ಬಳಗದ ಮೀನು. ಜಾಗ ಸಿಕ್ಕರೆ ಗೇಣುದ್ದವನ್ನೂ ಮೀರಿ ಬೆಳೆಯುತ್ತದೆ, ಹೊಟ್ಟೆಬಾಕ, ತ್ಯಾಜ್ಯವೂ ಹೆಚ್ಚು. ‘ಬಟ್ಟಲಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ’ ಎನ್ನುವವರು ನೋಡುತ್ತಿರುವುದು ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾದ ಮೀನನ್ನು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ‘ಟಿಶ್’ ಎಂಬ ಗೋಲ್ಡ್ ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿತು. ಎಲ್ಲವೂ ಅಷ್ಟು ಬದುಕುವುದಿಲ್ಲ. ಆದರೆ ಎರಡೇ ವಾರಕ್ಕೆ ಸಾಯುವುದು ಅವುಗಳ ಆಯಸ್ಸು ಮುಗಿದದ್ದರಿಂದಲ್ಲ.

‘ಚಿಟಿಕೆ ಕಲ್ಲುಪ್ಪು ಹಾಕಿ, ಎಲ್ಲ ಸರಿಹೋಗುತ್ತದೆ’

ಇದು ಅರ್ಧ ಸತ್ಯ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಮೀನಿನ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಅಮೋನಿಯಾವನ್ನು ಅದು ತೆಗೆಯಲಾರದು. ನೀರು ಬದಲಿಸುವ ಕೆಲಸವನ್ನು ಉಪ್ಪು ಮಾಡುವುದಿಲ್ಲ. ಕಾರಣ ತಿಳಿಯದೆ ಆಂಟಿಬಯಾಟಿಕ್ ಸುರಿಯುವುದಂತೂ ಬೇಡವೇ ಬೇಡ, ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಅದಕ್ಕೆ ಬಲಿಯಾಗಬಹುದು.

ಹಾಗಾದರೆ ಏನು ಮಾಡಬೇಕು?

- ಪರಿಚಯದವರ ಹಳೆಯ, ಆರೋಗ್ಯವಾದ ಟ್ಯಾಂಕಿನಿಂದ ಒಂದು ತುಂಡು ಫಿಲ್ಟರ್ ಸ್ಪಂಜು ಕೇಳಿ ತಂದು ನಿಮ್ಮ ಫಿಲ್ಟರಿಗೆ ಹಾಕಿ. ತರುವಾಗ ಅದು ಒಣಗದಿರಲಿ. ಬ್ಯಾಕ್ಟೀರಿಯಾಗಳು ಬೇಗ ನೆಲೆಯೂರುತ್ತವೆ.
- ಮೊದಲಿಗೆ ಒಂದೆರಡು ಸಣ್ಣ ಮೀನು ಮಾತ್ರ. ಉಳಿದವನ್ನು ವಾರಗಳ ಅಂತರದಲ್ಲಿ ಸೇರಿಸಿ.
- ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಿ. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ.
- ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ಆ ನೀರನ್ನು ಗಿಡಗಳಿಗೆ ಹಾಕಿ, ನೈಟ್ರೇಟ್ ಅವಕ್ಕೆ ಗೊಬ್ಬರ.
- ಕರೆಂಟ್ ಉಳಿಸಲೆಂದು ರಾತ್ರಿ ಫಿಲ್ಟರ್ ಆರಿಸಬೇಡಿ. ಆ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.
- ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.
- ಸಾಧ್ಯವಾದರೆ ನೀರು ಪರೀಕ್ಷಿಸುವ ಕಿಟ್ ಕೊಳ್ಳಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ಕಿವಿರು ಕೆಂಪಾಗಿ ಉರಿದಂತಿದ್ದರೆ ನಾಳೆಗೆಂದು ಕಾಯಬೇಡಿ. ಕ್ಲೋರಿನ್ ತೆಗೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಗಾಳಿಯ ಪಂಪ್ ಜೋರು ಮಾಡಿ, ಒಂದೆರಡು ದಿನ ಆಹಾರ ನಿಲ್ಲಿಸಿ. ಆರೋಗ್ಯವಂತ ದೊಡ್ಡ ಮೀನಿಗೆ ಅಷ್ಟು ಉಪವಾಸದಿಂದ ತೊಂದರೆಯಿಲ್ಲ.

ನಮ್ಮ ತೀರ್ಮಾನ

ಮೀನು ಮನೆಯ ಕಂಟಕ ಹೊತ್ತು ಸಾಯುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಹೊಸ ಟ್ಯಾಂಕಿನ ಸಾವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು. ಮೀನು ಸತ್ತರೆ ಅದರ ಜಾಗಕ್ಕೆ ಇನ್ನೊಂದನ್ನು ತರುವ ಮೊದಲು ನೀರು ಪರೀಕ್ಷಿಸಿ, ಉಳಿದ ಮೀನುಗಳಿಗಾಗಿ ಕಾಲು ಭಾಗ ನೀರು ಬದಲಿಸಿ. ಮುಂದಿನ ಸಲ ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಅದರ ಕೆಳಗೆ ಇಷ್ಟನ್ನೇ ಬರೆದರೂ ಸಾಕು. ಯಾರದೋ ಮನೆಯಲ್ಲಿ ನಾಲ್ಕು ಮೀನು ಬದುಕಿಕೊಂಡಾವು.